ಜಪಾನಿನ ಮಹಿಳಾ ಕುಸ್ತಿಯ ಟ್ಯಾಗ್ ಪ್ರಶಸ್ತಿ ಪಂದ್ಯವನ್ನು ನೋಡುವ ಬಗೆ

ಜಪಾನಿನ ಮಹಿಳಾ ವೃತ್ತಿಪರ ಕುಸ್ತಿಯಲ್ಲಿ ಟ್ಯಾಗ್ ಪ್ರಶಸ್ತಿ ಪಂದ್ಯವೆಂದರೆ ಬೆಲ್ಟ್ ಹೊಂದಿರುವ ಇಬ್ಬರ ಎದುರು ಅದನ್ನು ಕೇಳಿಕೊಂಡು ಬಂದ ಇಬ್ಬರು. ನಿಯಮದಂತೆ ಒಂದು ಹೊತ್ತಿಗೆ ಪ್ರತಿ ಕಡೆಯಿಂದ ಒಬ್ಬಳೇ ರಿಂಗಿನೊಳಗೆ ಇರಬೇಕು; ಉಳಿದಿಬ್ಬರು ಹಗ್ಗದಾಚೆ, ರಿಂಗಿನ ಅಂಚಿನ ಮೇಲೆ, ಜೊತೆಗಾರ್ತಿಯ ಕೈ ಮುಟ್ಟಿ (ಇದೇ ಟ್ಯಾಗ್) ಒಳಗೆ ಹೋಗುವ ತಮ್ಮ ಸರದಿಗಾಗಿ ಕಾಯುತ್ತ ನಿಂತಿರುತ್ತಾರೆ. ಹೊಸದಾಗಿ ನೋಡುವವರ ಕಣ್ಣು ಸಹಜವಾಗಿಯೇ ನಡುವೆ ಸೆಣಸುತ್ತಿರುವ ಇಬ್ಬರ ಮೇಲೆ ನೆಡುತ್ತದೆ. ಅಷ್ಟನ್ನೇ ನೋಡಿದರೆ ಒಳ್ಳೆಯ ಪಟ್ಟುಗಳು ಕಾಣುತ್ತವೆ, ಆದರೆ ಪಂದ್ಯ ಕಾಣುವುದಿಲ್ಲ. ಟ್ಯಾಗ್ ಪಂದ್ಯದ ಕಥೆಯನ್ನು ನಡೆಸುವವರು ಹೆಚ್ಚಾಗಿ ಅಂಚಿನಲ್ಲಿರುವ ಇಬ್ಬರು. ಅವರನ್ನು ಗಮನಿಸುವ ಅಭ್ಯಾಸವನ್ನು ಹೇಗೆ ಬೆಳೆಸಿಕೊಳ್ಳಬಹುದು, ಅದಕ್ಕೆ ಮೊದಲು ಏನೇನು ತಿಳಿದಿರಬೇಕು ಎಂಬುದನ್ನು ವಿವರಿಸುವುದು ಈ ಬರಹದ ಉದ್ದೇಶ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ವೃತ್ತಿಪರ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಹಾಗೆಂದು ಬೀಳುವುದಾಗಲಿ, ಎದೆಗೆ ಬೀಳುವ ಏಟಾಗಲಿ, ಇಪ್ಪತ್ತು ನಿಮಿಷ ಓಡಿದ ಮೇಲಿನ ಏದುಸಿರಾಗಲಿ ನಟನೆಯಲ್ಲ. ಆದ್ದರಿಂದ ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಯಾರು ಬಲಶಾಲಿ ಎಂಬುದಕ್ಕಿಂತ, ಈ ಗೆಲುವನ್ನು ಈ ನಾಲ್ವರು ಎಷ್ಟು ನಂಬುವಂತೆ ಕಟ್ಟಿದರು ಎಂಬುದು.

ಪಂದ್ಯಕ್ಕೆ ಮುಂಚಿನ ಸಿದ್ಧತೆ

ಜಪಾನಿನಲ್ಲಿ ಮಹಿಳಾ ಕುಸ್ತಿಯ ಸಂಸ್ಥೆಗಳು ಹಲವಿದ್ದು, ಪ್ರತಿಯೊಂದಕ್ಕೂ ಸಾಮಾನ್ಯವಾಗಿ ತನ್ನದೇ ಆದ ಟ್ಯಾಗ್ ಬೆಲ್ಟ್ ಇರುತ್ತದೆ. ಸ್ಟಾರ್‌ಡಮ್ ಸಂಸ್ಥೆಯಲ್ಲಿ 2011ರಿಂದ 'ಗಾಡೆಸ್ ಆಫ್ ಸ್ಟಾರ್‌ಡಮ್', ಟೋಕಿಯೋ ಜೋಶಿ ಪ್ರೊ ರೆಸ್ಲಿಂಗ್‌ನಲ್ಲಿ 2017ರಿಂದ 'ಪ್ರಿನ್ಸೆಸ್ ಟ್ಯಾಗ್', 2024ರಲ್ಲಿ ಆರಂಭವಾದ ಮ್ಯಾರಿಗೋಲ್ಡ್‌ನಲ್ಲಿ 'ಟ್ವಿನ್ ಸ್ಟಾರ್', ಐಸ್ ರಿಬ್ಬನ್‌ನಲ್ಲಿ 'ಇಂಟರ್‌ನ್ಯಾಷನಲ್ ರಿಬ್ಬನ್ ಟ್ಯಾಗ್' ಇವೆ. ಸ್ಟಾರ್‌ಡಮ್‌ನ 'ಆರ್ಟಿಸ್ಟ್ ಆಫ್ ಸ್ಟಾರ್‌ಡಮ್' ಮೂವರ ತಂಡದ ಬೆಲ್ಟ್ ಆದ್ದರಿಂದ ಅದನ್ನು ಇದರೊಂದಿಗೆ ಬೆರೆಸಿಕೊಳ್ಳಬಾರದು. ಹಳೆಯ ಪಂದ್ಯಗಳನ್ನು ಹುಡುಕುವವರಿಗೆ ಎದುರಾಗುವ ಮುಖ್ಯ ಹೆಸರು ಡಬ್ಲ್ಯುಡಬ್ಲ್ಯುಡಬ್ಲ್ಯುಎ ವಿಶ್ವ ಟ್ಯಾಗ್ ಪ್ರಶಸ್ತಿ. ಅದು 1968ರಲ್ಲಿ ಸ್ಥಾಪನೆಯಾಗಿ 2005ರಲ್ಲಿ ಮುಚ್ಚಿಹೋದ ಆಲ್ ಜಪಾನ್ ವಿಮೆನ್ಸ್ ಪ್ರೊ ರೆಸ್ಲಿಂಗ್ ಸಂಸ್ಥೆಯದು. 1970ರ ದಶಕದ ಬ್ಯೂಟಿ ಪೇರ್, 1980ರ ದಶಕದ ಕ್ರಷ್ ಗಾಲ್ಸ್ ಎಂಬ ಜೋಡಿಗಳು ಬೆಳೆದದ್ದು ಅಲ್ಲಿಯೇ.

ಯಾವ ಪಂದ್ಯವನ್ನು ನೋಡಬೇಕೆಂದು ನಿರ್ಧರಿಸಿದ ಮೇಲೆ, ಅದಕ್ಕಿಂತ ಒಂದೆರಡು ವಾರ ಮುಂಚಿನ ಪಂದ್ಯಗಳ ಮೇಲೊಮ್ಮೆ ಕಣ್ಣಾಡಿಸುವುದು ತುಂಬ ಉಪಯುಕ್ತ. ಪ್ರಶಸ್ತಿ ಪಂದ್ಯದ ಮುನ್ನ ಅದೇ ನಾಲ್ವರನ್ನು, ಕೆಲವೊಮ್ಮೆ ಬೇರೆ ಜೊತೆಗಾರ್ತಿಯರನ್ನೂ ಸೇರಿಸಿ, ಬೆಲ್ಟ್ ಪಣವಿಲ್ಲದ ಸಣ್ಣ ಪಂದ್ಯಗಳಲ್ಲಿ ಎದುರುಬದುರು ನಿಲ್ಲಿಸುವುದು ಜಪಾನಿನ ರೂಢಿ. ಸವಾಲು ಹುಟ್ಟುವುದೂ ಎಷ್ಟೋ ಬಾರಿ ಅಲ್ಲಿಯೇ: ಚಾಂಪಿಯನ್ನರಲ್ಲಿ ಒಬ್ಬಳನ್ನು ಇಂಥ ಪಂದ್ಯದಲ್ಲಿ ಮಣಿಸಿದವಳು ಮೈಕ್ ಹಿಡಿದು ಬೆಲ್ಟ್ ಕೇಳುತ್ತಾಳೆ. ಇನ್ನೊಂದು ದಾರಿ ಲೀಗ್‌ನದು. ಸ್ಟಾರ್‌ಡಮ್‌ನಲ್ಲಿ ವರ್ಷದ ಕೊನೆಯ ಭಾಗದಲ್ಲಿ ನಡೆಯುವ ಟ್ಯಾಗ್ ಲೀಗ್ ಗೆದ್ದ ಜೋಡಿಗೆ ಪ್ರಶಸ್ತಿಗೆ ಸವಾಲೆಸೆಯುವ ಹಕ್ಕು ದೊರೆಯುವುದು ವಾಡಿಕೆ.

ಈ ಮುನ್ನಿನ ಪಂದ್ಯಗಳಲ್ಲಿ ಎರಡು ವಿಷಯಗಳನ್ನು ಗುರುತು ಹಾಕಿಕೊಂಡರೆ ಸಾಕು. ನಾಲ್ವರಲ್ಲಿ ಪ್ರತಿಯೊಬ್ಬಳೂ ಪಂದ್ಯ ಮುಗಿಸಲು ಬಳಸುವ ಪಟ್ಟು ಯಾವುದು ಎಂಬುದು ಮೊದಲನೆಯದು. ಅದು ಗೊತ್ತಿಲ್ಲದಿದ್ದರೆ ಪ್ರೇಕ್ಷಕರು ಇದ್ದಕ್ಕಿದ್ದಂತೆ ಏಕೆ ಕೂಗಿಕೊಂಡರೆಂದು ಅರ್ಥವಾಗುವುದಿಲ್ಲ. ನಾಲ್ವರಲ್ಲಿ ಅತ್ಯಂತ ಕಿರಿಯಳು ಯಾರು ಎಂಬುದು ಎರಡನೆಯದು, ನನ್ನ ಎಣಿಕೆಯಲ್ಲಿ ಇದೇ ಹೆಚ್ಚು ಮುಖ್ಯ. ಇಲ್ಲಿ ಕಿರಿತನವೆಂದರೆ ವಯಸ್ಸಿನದಲ್ಲ, ರಿಂಗಿಗೆ ಇಳಿದ ವರ್ಷದ್ದು. ಜಪಾನಿನ ಕುಸ್ತಿಯಲ್ಲಿ ಹಿರಿಯಳು ಕಿರಿಯಳೆಂಬ ಮೆಟ್ಟಿಲು ಬಹಳ ಗಟ್ಟಿಯಾದದ್ದು. ಅನುಭವಿಯೊಬ್ಬಳ ಜೊತೆ ಎಳೆಯಳೊಬ್ಬಳನ್ನು ಕೂಡಿಸಿ ಕಟ್ಟಿದ ಜೋಡಿಗಳು ಸಾಮಾನ್ಯವಾಗಿ ಕಾಣುತ್ತವೆ, ಎದುರಾಳಿಗಳು ಗುರಿ ಇಡುವುದೂ ಆ ಎಳೆಯಳ ಮೇಲೆಯೇ.

ಗಂಟೆ ಬಾರಿಸುವ ಮುನ್ನ

ಪ್ರಶಸ್ತಿ ಪಂದ್ಯಕ್ಕೆ ಮಾತ್ರ ಸಲ್ಲುವ ವಿಧಿಗಳಿವೆ. ಸಮಯ ಉಳಿಸಲೆಂದು ಅವನ್ನು ದಾಟಿಸಿ ನೋಡುವವರಿದ್ದಾರೆ. ಹಾಗೆ ಮಾಡಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಸವಾಲುಗಾರ್ತಿಯರು ಮೊದಲು ಪ್ರವೇಶಿಸಿ ನೀಲಿ ಮೂಲೆಯನ್ನೂ, ಚಾಂಪಿಯನ್ನರು ನಂತರ ಬಂದು ಕೆಂಪು ಮೂಲೆಯನ್ನೂ ಹಿಡಿಯುತ್ತಾರೆ. ಸಂಸ್ಥೆಯ ಪ್ರತಿನಿಧಿಯೊಬ್ಬರು ಇದು ಅಧಿಕೃತ ಪ್ರಶಸ್ತಿ ಪಂದ್ಯವೆಂಬ ಘೋಷಣಾ ಪತ್ರವನ್ನು ಓದುತ್ತಾರೆ. ಆಮೇಲೆ ಚಾಂಪಿಯನ್ನರು ತಮ್ಮ ಬೆಲ್ಟ್‌ಗಳನ್ನು ಒಪ್ಪಿಸುತ್ತಾರೆ. ಆ ಕ್ಷಣದಿಂದ ಪಂದ್ಯ ಮುಗಿಯುವವರೆಗೆ ಬೆಲ್ಟ್ ಯಾರದೂ ಅಲ್ಲ. ಅದನ್ನು ಒಪ್ಪಿಸುವಾಗ ಒಬ್ಬಳು ನಿರಾಳವಾಗಿ ಕೊಟ್ಟು, ಇನ್ನೊಬ್ಬಳು ಒಂದು ಗಳಿಗೆ ತಡೆದು ಕೊಟ್ಟರೆ, ಆ ಜೋಡಿಯ ಮನಃಸ್ಥಿತಿಯ ಬಗ್ಗೆ ಮುಂದಿನ ಹತ್ತು ನಿಮಿಷ ಹೇಳದಿರುವುದನ್ನು ಅದು ಹೇಳಿಬಿಡಬಹುದು.

ನಂತರ ಹೆಸರುಗಳನ್ನು ಕೂಗುವ ಸರದಿ. ಅನೌನ್ಸರ್ ಒಬ್ಬೊಬ್ಬಳ ಹೆಸರನ್ನೂ ಎಳೆದು ಕೂಗುತ್ತಿದ್ದಂತೆ ಅಭಿಮಾನಿಗಳು ಅವಳ ಬಣ್ಣದ ಕಾಗದದ ಪಟ್ಟಿಗಳ ಸುರುಳಿಗಳನ್ನು ರಿಂಗಿನತ್ತ ಎಸೆಯುತ್ತಾರೆ. ಎಸೆಯುವವರು ಸುರುಳಿಯ ನಡುವಿನ ಗಟ್ಟಿ ಕೊಳವೆಯನ್ನು ಮೊದಲೇ ತೆಗೆದಿರುತ್ತಾರೆ, ಯಾರಿಗೂ ತಗಲಿ ಪೆಟ್ಟಾಗಬಾರದೆಂದು. ಒಂದು ತುದಿಯನ್ನು ಬೆರಳಲ್ಲಿ ಹಿಡಿದು ಎಸೆದಾಗ ಸುರುಳಿ ಗಾಳಿಯಲ್ಲೇ ಬಿಚ್ಚಿಕೊಂಡು, ನೂರಾರು ಪಟ್ಟಿಗಳು ಹಗ್ಗಗಳ ಮೇಲೂ ಅವಳ ಹೆಗಲ ಮೇಲೂ ಇಳಿಬೀಳುತ್ತವೆ. ರಿಂಗಿನ ಸುತ್ತ ಕಾದು ನಿಂತಿರುವ ಕಿರಿಯ ಕುಸ್ತಿಪಟುಗಳು ಕೂಡಲೇ ಒಳಗೆ ನುಗ್ಗಿ ಎಲ್ಲವನ್ನೂ ತಬ್ಬಿ ಬಾಚಿಕೊಂಡು ಹೊರಗೊಯ್ಯುತ್ತಾರೆ, ಮುಂದಿನ ಹೆಸರಿನ ಹೊತ್ತಿಗೆ ರಿಂಗು ಮತ್ತೆ ಬರಿದಾಗಿರುತ್ತದೆ. ಟೋಕಿಯೋದ ಸುಯಿದೋಬಾಶಿ ನಿಲ್ದಾಣದ ಹತ್ತಿರ, ಕಟ್ಟಡವೊಂದರ ಐದನೆಯ ಮಹಡಿಯಲ್ಲಿರುವ ಕೊರಾಕುಎನ್ ಹಾಲ್‌ನಂಥ ಇಕ್ಕಟ್ಟಾದ ಸಭಾಂಗಣದಲ್ಲಿ ಈ ನೋಟಕ್ಕೆ ವಿಶೇಷ ಸೊಬಗು. 1962ರಿಂದ ನಡೆದುಬಂದಿರುವ ಆ ಸ್ಥಳದಲ್ಲಿ ಆಸನಗಳು ರಿಂಗಿಗೆ ಎಷ್ಟು ಹತ್ತಿರವೆಂದರೆ ಏಟಿನ ಸದ್ದು ಕೊನೆಯ ಸಾಲಿಗೂ ನಿಚ್ಚಳವಾಗಿ ಕೇಳುತ್ತದೆ.

ನಿಯಮಗಳು, ತಿಳಿದಿರಬೇಕಾದಷ್ಟು

ಗರಡಿಯ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಇಲ್ಲಿ ಎರಡೂ ಭುಜಗಳನ್ನು ನೆಲಕ್ಕೆ ಒತ್ತಿ ಹಿಡಿದು ರೆಫರಿ ಮೂರು ಎಣಿಸುವ ತನಕ ಕಾಯಬೇಕು. ಅದನ್ನು ಪಿನ್ ಎನ್ನುತ್ತಾರೆ. ಕೀಲು ತಿರುಚಿ ಎದುರಾಳಿಯಿಂದ ಸೋಲೊಪ್ಪಿಸಿದರೂ ಗೆಲುವೇ. ಕೈಯೋ ಕಾಲೋ ಹಗ್ಗಕ್ಕೆ ತಗುಲಿದರೆ ಹಿಡಿತ ಬಿಡಬೇಕು. ರಿಂಗಿನ ಹೊರಗೆ ಹೋದವರು ಜಪಾನಿನಲ್ಲಿ ಸಾಮಾನ್ಯವಾಗಿ ಇಪ್ಪತ್ತರ ಎಣಿಕೆಯೊಳಗೆ ಮರಳಬೇಕು. ಕಾಲಮಿತಿಯನ್ನು ಮೊದಲೇ ಸಾರುತ್ತಾರೆ. 30 ನಿಮಿಷ ಅಥವಾ 60 ನಿಮಿಷದ ಒಂದೇ ಸುತ್ತಿನ ಪಂದ್ಯಗಳು ಸಾಮಾನ್ಯ. ಪ್ರತಿ ಐದು ನಿಮಿಷಕ್ಕೊಮ್ಮೆ ಕಳೆದ ಸಮಯವನ್ನು ಧ್ವನಿವರ್ಧಕದಲ್ಲಿ ಹೇಳುವ ಪದ್ಧತಿಯಿದೆ. ಆ ದನಿ ಕೇಳಿದಾಗಲೆಲ್ಲ ಗಡಿಯಾರ ನೋಡಿಕೊಳ್ಳಿ, ಏಕೆಂದರೆ ಕಾಲ ಮೀರಿದರೆ ಪಂದ್ಯ ಸಮ, ಬೆಲ್ಟ್ ಚಾಂಪಿಯನ್ನರ ಬಳಿಯೇ ಉಳಿಯುತ್ತದೆ.

ಚಾಂಪಿಯನ್ನರಲ್ಲಿ ಯಾರೊಬ್ಬಳು ಸೋತರೂ ಇಬ್ಬರ ಬೆಲ್ಟೂ ಹೋಗುತ್ತದೆ. ಮೇಲಿನ ಎಲ್ಲ ನಿಯಮಗಳಿಗಿಂತ ಈ ಒಂದು ನಿಯಮವೇ ಪಂದ್ಯಕ್ಕೆ ಜೀವ ತುಂಬುವುದು.

ಪಂದ್ಯ ನಡೆಯುವಾಗ ಎಲ್ಲಿ ನೋಡಬೇಕು

ಮೊದಲ ಕೆಲವು ನಿಮಿಷ ಸಮಬಲದ ಪರೀಕ್ಷೆ. ಎರಡೂ ಕಡೆಯವರು ಮೇಲಿಂದ ಮೇಲೆ ಕೈತಟ್ಟಿ ಜಾಗ ಬದಲಾಯಿಸುತ್ತಾರೆ. ಈ ಹಂತದಲ್ಲಿ ಜೋಡಿಯ ಪಳಗಿದ ಮಟ್ಟವನ್ನು ಅಳೆಯಿರಿ. ಒಬ್ಬಳು ಎದುರಾಳಿಯನ್ನು ತನ್ನ ಮೂಲೆಗೆ ಎಳೆದುತರುವ ಮೊದಲೇ ಇನ್ನೊಬ್ಬಳ ಕೈ ಚಾಚಿಕೊಂಡಿದೆಯೇ, ಅಥವಾ ಕರೆದ ಮೇಲೆ ಚಾಚಿತೇ? ಒಳಗೆ ಬಂದವಳಿಗೆ ಹೊರಗೆ ಹೋಗುವವಳು ಎದುರಾಳಿಯ ಕೈಯನ್ನು ತಿರುಚಿದ ಸ್ಥಿತಿಯಲ್ಲೇ ಒಪ್ಪಿಸಿದಳೇ? ಟೋಕಿಯೋ ಜೋಶಿಯ ಮ್ಯಾಜಿಕಲ್ ಶುಗರ್ ರ‍್ಯಾಬಿಟ್ಸ್ ಜೋಡಿ ಯೂಕಾ ಸಕಾಝಾಕಿ ಮತ್ತು ಮಿಝುಕಿ, ಸ್ಟಾರ್‌ಡಮ್‌ನ ಥಂಡರ್ ರಾಕ್ ಜೋಡಿ ಇಯೋ ಶಿರಾಯ್ ಮತ್ತು ಮಾಯು ಇವಾತಾನಿ ಇವರ ಪಂದ್ಯಗಳನ್ನು ನೋಡಿದರೆ, ಒಬ್ಬಳು ಎಲ್ಲಿದ್ದಾಳೆಂದು ತಿರುಗಿ ನೋಡದೆಯೇ ಇನ್ನೊಬ್ಬಳಿಗೆ ತಿಳಿದಿರುವುದು ಹೇಗೆ ಕಾಣುತ್ತದೆಂಬುದು ಮನದಟ್ಟಾಗುತ್ತದೆ.

ಆಮೇಲೆ ಒಂದು ಕಡೆಯ ಒಬ್ಬಳು ಎದುರಾಳಿಗಳ ಮೂಲೆಯಲ್ಲಿ ಸಿಕ್ಕಿಬೀಳುತ್ತಾಳೆ. ಎದುರಾಳಿಗಳು ಸರದಿಯ ಮೇಲೆ ಅವಳನ್ನು ಬಡಿಯುತ್ತ, ತನ್ನ ಮೂಲೆ ತಲುಪದಂತೆ ನೋಡಿಕೊಳ್ಳುತ್ತಾರೆ. ಇದು ಪಂದ್ಯದ ನಿಧಾನದ ಭಾಗ. ಕಣ್ಣು ಬೇರೆಡೆ ಹೊರಳುವುದೂ ಇಲ್ಲಿಯೇ. ಈಗ ಏಟು ತಿನ್ನುತ್ತಿರುವವಳನ್ನು ಬಿಟ್ಟು ಅಂಚಿನಲ್ಲಿರುವ ಅವಳ ಜೊತೆಗಾರ್ತಿಯನ್ನು ನೋಡಿ. ಆಕೆ ಏನು ಮಾಡುತ್ತಿದ್ದಾಳೆ? ಮೇಲಿನ ಹಗ್ಗವನ್ನು ಹಿಡಿದು ಹೆಸರು ಕೂಗುತ್ತಿದ್ದಾಳೆಯೇ, ಅಂಗೈಯಿಂದ ಮೂಲೆಯ ಮೆತ್ತೆಯನ್ನು ಬಡಿದು ಪ್ರೇಕ್ಷಕರ ಚಪ್ಪಾಳೆಯನ್ನು ಎಬ್ಬಿಸುತ್ತಿದ್ದಾಳೆಯೇ, ಕೋಪ ತಡೆಯಲಾರದೆ ಒಳಗೆ ಕಾಲಿಟ್ಟು ರೆಫರಿಯಿಂದ ತಡೆಸಿಕೊಳ್ಳುತ್ತಿದ್ದಾಳೆಯೇ? ಕೊನೆಯದು ನಡೆದರೆ, ರೆಫರಿಯ ಬೆನ್ನ ಹಿಂದೆ ಎದುರಾಳಿಗಳಿಬ್ಬರೂ ಸೇರಿ ಇನ್ನಷ್ಟು ಬಡಿಯುತ್ತಾರೆ. ಸಹಾಯ ಮಾಡಲು ಹೋದದ್ದೇ ಕೇಡಾಗುತ್ತದೆ. ಒಳ್ಳೆಯ ಕುಸ್ತಿಪಟು ಈ ಸಂಕಟವನ್ನು ಮುಖದಲ್ಲಿ ಹೊತ್ತು ನಿಂತಿರುತ್ತಾಳೆ, ಒಂದೇ ಒಂದು ಏಟು ಕೊಡದೆ ಸಭಾಂಗಣವನ್ನು ಹಿಡಿದಿಡುತ್ತಾಳೆ.

ನಿಯಮ ಮುರಿಯುವುದನ್ನೇ ದಾರಿ ಮಾಡಿಕೊಂಡ ಜೋಡಿ ಎದುರಿಗಿದ್ದರೆ ಈ ಭಾಗ ಇನ್ನೂ ಕಠಿಣವಾಗುತ್ತದೆ. ಚಿಗುಸಾ ನಾಗಾಯೊ ಮತ್ತು ಲಯನೆಸ್ ಅಸುಕಾ ಅವರ ಕ್ರಷ್ ಗಾಲ್ಸ್ 1984ರಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯುಎ ಟ್ಯಾಗ್ ಬೆಲ್ಟ್ ಗೆದ್ದಿದ್ದರು. ಮರುವರ್ಷ ಅದನ್ನು ಕಿತ್ತುಕೊಂಡವರು ಡಂಪ್ ಮಾತ್ಸುಮೊತೊ ಮತ್ತು ಕ್ರೇನ್ ಯೂ. ಮುಖಕ್ಕೆ ಬಣ್ಣ ಬಳಿದು, ಸರಪಳಿಯನ್ನೂ ಬಿದಿರಿನ ಕತ್ತಿಯನ್ನೂ ಹಿಡಿದು ಬರುತ್ತಿದ್ದ ಡಂಪ್ ತಂಡ ಒಬ್ಬಳನ್ನು ಥಳಿಸುತ್ತಿದ್ದರೆ ಇನ್ನೊಬ್ಬಳು ಹಗ್ಗದಾಚೆ ಕೈಕಟ್ಟಿದಂತಾಗುವ ದೃಶ್ಯವೇ ಆ ಕಾಲದ ಹದಿಹರೆಯದ ಹುಡುಗಿಯರನ್ನು ಸಭಾಂಗಣದಲ್ಲಿ ಅಳಿಸುತ್ತಿತ್ತು. ದೂರದರ್ಶನದ ಮುಂದೆ ಕುಳಿತವರನ್ನೂ.

ಸಿಕ್ಕಿಬಿದ್ದವಳು ಕೊನೆಗೂ ಜಿಗಿದು ತನ್ನ ಜೊತೆಗಾರ್ತಿಯ ಕೈ ಮುಟ್ಟಿದಾಗ ಪಂದ್ಯ ಒಮ್ಮೆಲೇ ಮಗುಚುತ್ತದೆ. ತಾಜಾ ಕಾಲುಗಳ ಮೇಲೆ ಬಂದವಳು ಇಬ್ಬರನ್ನೂ ಉರುಳಿಸುತ್ತಾಳೆ. ಇದನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲವಾದ್ದರಿಂದ ಹೆಚ್ಚು ಹೇಳಬೇಕಾಗಿಲ್ಲ. ಈ ಹೊತ್ತಿನಲ್ಲಿ ಅಂಚಿನ ಕೆಳಗೆ ನೆಲದ ಮೇಲೆ ಕುಸಿದು ಕುಳಿತವಳತ್ತ ಒಮ್ಮೆ ನೋಡಿ, ಅಷ್ಟೇ: ಆಕೆ ಎಷ್ಟು ಹೊತ್ತಿಗೆ ಎದ್ದು ಮತ್ತೆ ಮೂಲೆಗೆ ಬರುತ್ತಾಳೆಂಬುದು ಮುಂದಿನ ಭಾಗವನ್ನು ತೀರ್ಮಾನಿಸುತ್ತದೆ.

ಕೊನೆಯ ಭಾಗದಲ್ಲಿ ಒಬ್ಬೊಬ್ಬರೇ ಒಳಗಿರಬೇಕೆಂಬ ನಿಯಮವನ್ನು ರೆಫರಿ ಹೆಚ್ಚೂಕಡಿಮೆ ಕೈಬಿಡುತ್ತಾರೆ. ನಾಲ್ವರೂ ಒಳಗೆ ಬಂದು ಹೋಗುತ್ತಿರುತ್ತಾರೆ, ಇಬ್ಬರು ಸೇರಿ ಮಾಡುವ ಪಟ್ಟುಗಳು ಒಂದರ ಹಿಂದೊಂದು ಬೀಳುತ್ತವೆ. ಇಲ್ಲಿಯೇ ಅಂಚನ್ನು ನೋಡುವ ಅಭ್ಯಾಸ ಪೂರ್ತಿ ಫಲ ಕೊಡುವುದು. ಒಬ್ಬಳು ಪಿನ್‌ಗೆ ಬಿದ್ದ ಕೂಡಲೇ ಎಲ್ಲರ ಕಣ್ಣು ರೆಫರಿಯ ಕೈಯತ್ತ ಹೋಗುತ್ತದೆ; ನೀವು ಆ ಅರೆಗಳಿಗೆಯಲ್ಲಿ ಬಿದ್ದವಳ ಜೊತೆಗಾರ್ತಿ ಎಲ್ಲಿದ್ದಾಳೆಂದು ಹುಡುಕಿ. ಆಕೆ ಎದ್ದು ನಿಂತಿದ್ದರೆ ಓಡಿಬಂದು ಪಿನ್ ಹಿಡಿದವಳ ಬೆನ್ನಿಗೆ ಒದ್ದು ಎಣಿಕೆ ತಪ್ಪಿಸುತ್ತಾಳೆ, ಪಂದ್ಯ ಮುಂದುವರಿಯುತ್ತದೆ. ಆಕೆಯನ್ನು ಇನ್ನೊಬ್ಬ ಎದುರಾಳಿ ಹೊರಗೆ ಕೆಡವಿದ್ದರೆ, ಅಥವಾ ಸೊಂಟ ಹಿಡಿದು ನೆಲಕ್ಕೆ ಒತ್ತಿಕೊಂಡಿದ್ದರೆ, ಬಿದ್ದವಳು ತನ್ನ ಬಲದಿಂದಲೇ ಭುಜ ಎತ್ತಬೇಕು. ಮೂರನೆಯ ಎಣಿಕೆಗೆ ಕೂದಲೆಳೆಯಷ್ಟು ಮೊದಲು ಎದ್ದ ಭುಜಕ್ಕೆ ಸಭಾಂಗಣ ನೆಲ ಗುದ್ದಿ ಕೂಗುವುದು, ಅವಳನ್ನು ಉಳಿಸಲು ಬರಬೇಕಾದವಳು ಬರಲಾರಳೆಂಬುದು ಎಲ್ಲರಿಗೂ ಗೊತ್ತಿದ್ದಾಗ. ಜೊತೆಗಾರ್ತಿ ಬಿಡುವಾಗಿದ್ದ ಪಿನ್‌ಗೂ ಕಟ್ಟಿಹಾಕಲ್ಪಟ್ಟಿದ್ದ ಪಿನ್‌ಗೂ ಇರುವ ಈ ಅಂತರವನ್ನು ಗುರುತಿಸಲು ಕಲಿತರೆ, ಯಾವುದು ಪಂದ್ಯ ಮುಗಿಸುವ ಪ್ರಯತ್ನ, ಯಾವುದು ಬರಿಯ ಬಿಸಿ ಏರಿಸುವ ಪ್ರಯತ್ನ ಎಂಬುದನ್ನು ಬಹುಪಾಲು ಸರಿಯಾಗಿಯೇ ಊಹಿಸಬಹುದು.

ಇದೇ ಹಂತದಲ್ಲಿ ಕಾಣುವ ಇನ್ನೊಂದು ಸಂಗತಿ, ಗುರಿ ತಪ್ಪಿ ಜೊತೆಗಾರ್ತಿಗೇ ಬೀಳುವ ಏಟು. ಒಬ್ಬಳು ಎದುರಾಳಿಯನ್ನು ಹಿಂದಿನಿಂದ ಹಿಡಿದಿರುತ್ತಾಳೆ, ಇನ್ನೊಬ್ಬಳು ಓಡಿಬಂದು ಹೊಡೆಯುತ್ತಾಳೆ, ಎದುರಾಳಿ ತಲೆ ತಗ್ಗಿಸುತ್ತಾಳೆ. ಹೊಡೆದವಳು ಕ್ಷಮೆ ಕೇಳಲು ನಿಂತಳೇ, ತಿರುಗಿ ನೋಡದೆ ಮುಂದುವರಿದಳೇ? ಎಷ್ಟೋ ಜೋಡಿಗಳ ಒಡಕು ಇಂಥ ಒಂದು ಏಟಿನಿಂದ ಶುರುವಾಗಿದೆ.

ಮುಗಿದ ಮೇಲೆ

ಗೆಲುವಿನ ಪಿನ್ ಹಾಕಿದವಳು ಯಾರು, ಅದಕ್ಕೆ ಸಿಕ್ಕವಳು ಯಾರು ಎಂಬುದನ್ನು ತಪ್ಪದೆ ಗಮನಿಸಿ. ಸವಾಲು ಹಾಕಿದ ಜೋಡಿಯ ಕಿರಿಯಳು ಚಾಂಪಿಯನ್ನರಲ್ಲಿ ಹಿರಿಯಳನ್ನು ಮಣಿಸಿದರೆ, ಸಂಸ್ಥೆ ಆ ಕಿರಿಯಳನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಿದೆ ಎಂದರ್ಥ; ಕೆಲವೇ ತಿಂಗಳಲ್ಲಿ ಆಕೆಯ ಹೆಸರು ಒಂಟಿ ಪ್ರಶಸ್ತಿಯ ಸವಾಲಿನಲ್ಲಿ ಕಂಡರೆ ಅಚ್ಚರಿಪಡಬೇಕಾಗಿಲ್ಲ. ಸೋತ ಜೋಡಿಯಲ್ಲಿ ಪಿನ್‌ಗೆ ಸಿಗದೆ ಉಳಿದವಳ ಮುಖವನ್ನೂ ನೋಡಿ. ಸೋಲು ಅವಳದೂ ಹೌದು, ಆದರೆ ಅವಳ ಭುಜ ನೆಲ ಮುಟ್ಟಿಲ್ಲ.

ಮರುದಿನ ಜಪಾನಿ ಫಲಿತಾಂಶ ಪಟ್ಟಿಯಲ್ಲಿ ಈ ವಿವರ ಭಾಷೆ ಬರದವರಿಗೂ ಸಿಗುತ್ತದೆ. ಪಿನ್ ಹಾಕಿದವಳ ಹೆಸರಿನ ಪಕ್ಕ ವೃತ್ತ, ಪಿನ್‌ಗೆ ಸಿಕ್ಕವಳ ಹೆಸರಿನ ಪಕ್ಕ ಗುಣಾಕಾರದ ಚಿಹ್ನೆ ಇರುತ್ತದೆ. ಉಳಿದಿಬ್ಬರಿಗೆ ಯಾವ ಗುರುತೂ ಇರುವುದಿಲ್ಲ. ನಡುವೆ ನಿಮಿಷ ಸೆಕೆಂಡುಗಳ ಲೆಕ್ಕ, ಪಟ್ಟಿನ ಹೆಸರು. ಬೆಲ್ಟ್ ಉಳಿಸಿಕೊಂಡಿದ್ದರೆ ಅದು ಎಷ್ಟನೆಯ ಬಾರಿ ಎಂಬುದನ್ನು 'ವಿ3', 'ವಿ4' ಎಂಬಂತೆ ಬರೆಯುತ್ತಾರೆ. ಪಂದ್ಯದ ನಂತರ ಮೈಕ್ ಹಿಡಿಯುವ ಹೊತ್ತಿಗೆ ಮುಂದಿನ ಸವಾಲುಗಾರ್ತಿಯರು ರಿಂಗಿಗೆ ಬರುವುದು ಸಾಮಾನ್ಯವಾದ್ದರಿಂದ ಪ್ರಸಾರವನ್ನು ಗಂಟೆ ಬಾರಿಸಿದೊಡನೆ ನಿಲ್ಲಿಸಬಾರದು. ಟೋಕಿಯೋ ಜೋಶಿಯ ಪಂದ್ಯಗಳು ರೆಸಲ್ ಯೂನಿವರ್ಸ್‌ನಲ್ಲೂ ಸ್ಟಾರ್‌ಡಮ್‌ನವು ಸ್ಟಾರ್‌ಡಮ್ ವರ್ಲ್ಡ್‌ನಲ್ಲೂ ಚಂದಾದಾರರಿಗೆ ಸಿಗುತ್ತವೆ.

ಅಭ್ಯಾಸಕ್ಕೆ ಯಾವ ಪಂದ್ಯಗಳು

ಎರಡು ಸುತ್ತು ಮೊದಲು ಗೆದ್ದವರಿಗೆ ಜಯ ಎಂಬ ಮೂರು ಸುತ್ತಿನ ಪದ್ಧತಿ ಹಿಂದೆ ಟ್ಯಾಗ್ ಪ್ರಶಸ್ತಿಗಳಲ್ಲಿ ಬಳಕೆಯಲ್ಲಿತ್ತು, ಕಲಿಯುವವರಿಗೆ ಅದು ಅನುಕೂಲ; ಒಂದೇ ಪಂದ್ಯದಲ್ಲಿ ಮೂರು ಮುಕ್ತಾಯಗಳನ್ನು ನೋಡಬಹುದು. ಚಿಕ್ಕದರಿಂದ ಆರಂಭಿಸುವುದಾದರೆ, ಜಂಪಿಂಗ್ ಬಾಂಬ್ ಏಂಜಲ್ಸ್ ಎಂಬ ಹೆಸರಿನ ನೊರಿಯೊ ತತೆನೊ ಮತ್ತು ಇತ್ಸುಕಿ ಯಾಮಾಝಾಕಿ 1988ರ ಜನವರಿ 24ರಂದು ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಅಮೆರಿಕದ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ಸಂಸ್ಥೆಯ ಮಹಿಳಾ ಟ್ಯಾಗ್ ಬೆಲ್ಟ್ ಗೆದ್ದ ಪಂದ್ಯವಿದೆ. ಜಪಾನಿನ ಜೋಡಿಯ ಹೊಂದಾಣಿಕೆ ಪರದೇಶದ ರಿಂಗಿನಲ್ಲಿ ಎಷ್ಟು ಬೇರೆಯಾಗಿ ಎದ್ದು ಕಾಣುತ್ತದೆಂಬುದು ಅಲ್ಲಿ ತಿಳಿಯುತ್ತದೆ.

ಆಳವಾಗಿ ಕಲಿಯಬೇಕೆನ್ನುವವರು ಆಲ್ ಜಪಾನ್ ವಿಮೆನ್ಸ್‌ನ ಮನಾಮಿ ಟೊಯೋಟಾ ಮತ್ತು ತೊಶಿಯೊ ಯಮಾದಾ ಅವರಿಗೂ ಜೆಡಬ್ಲ್ಯುಪಿ ಸಂಸ್ಥೆಯ ಡೈನಮೈಟ್ ಕನ್ಸಾಯ್ ಮತ್ತು ಮಯೂಮಿ ಒಝಾಕಿ ಅವರಿಗೂ ಡಬ್ಲ್ಯುಡಬ್ಲ್ಯುಡಬ್ಲ್ಯುಎ ಟ್ಯಾಗ್ ಬೆಲ್ಟಿಗಾಗಿ ನಡೆದ ಮೂರು ಪಂದ್ಯಗಳನ್ನು ಕ್ರಮ ತಪ್ಪಿಸದೆ ನೋಡಬೇಕು. 1992ರ ನವೆಂಬರ್ 26ರಂದು ಕವಾಸಾಕಿಯಲ್ಲಿ ಟೊಯೋಟಾ ಮತ್ತು ಯಮಾದಾ ಗೆದ್ದರು. 1993ರ ಏಪ್ರಿಲ್ 11ರಂದು ಒಸಾಕಾದಲ್ಲಿ ಕನ್ಸಾಯ್ ಮತ್ತು ಒಝಾಕಿ ಬೆಲ್ಟನ್ನು ಬೇರೆ ಸಂಸ್ಥೆಗೆ ಕೊಂಡೊಯ್ದರು. ಅದೇ ವರ್ಷ ಡಿಸೆಂಬರ್ 6ರಂದು ಟೋಕಿಯೋದ ರ್ಯೊಗೊಕು ಕೊಕುಗಿಕಾನ್‌ನಲ್ಲಿ ಅದು ಹಿಂದಿರುಗಿತು. ಇದಕ್ಕೆ ಪೂರ್ವಭಾವಿಯಾಗಿ 1992ರ ಆಗಸ್ಟ್ 15ರ ಪಂದ್ಯವೊಂದನ್ನು ನೋಡಿಕೊಂಡರೆ ಇನ್ನೂ ಒಳ್ಳೆಯದು: ಸೋತವಳ ತಲೆ ಬೋಳಿಸಬೇಕೆಂಬ ಪಣದ ಮೇಲೆ ಟೊಯೋಟಾ ಮತ್ತು ಯಮಾದಾ ಪರಸ್ಪರ ಸೆಣಸಿದರು, ಗೆದ್ದ ಟೊಯೋಟಾ ಅಳುತ್ತ ಯಮಾದಾರ ಕೂದಲು ಕತ್ತರಿಸುವುದನ್ನು ತಡೆಯಲು ಹೋದರು. ಈ ನೆನಪಿಟ್ಟುಕೊಂಡು ಕವಾಸಾಕಿಯ ಪಂದ್ಯಕ್ಕೆ ಬಂದರೆ, ಅಂಚಿನಲ್ಲಿ ನಿಂತ ಒಬ್ಬರು ಇನ್ನೊಬ್ಬರತ್ತ ಚಾಚುವ ಕೈಗೆ ಬೇರೆಯದೇ ತೂಕ ಬರುತ್ತದೆ.

ಮೂರನ್ನೂ ಮೊದಲ ಸಲ ಸುಮ್ಮನೆ ನೋಡಿ; ಟೊಯೋಟಾರ ವೇಗ, ಯಮಾದಾ ಮತ್ತು ಕನ್ಸಾಯ್ ಅವರ ಒದೆತಗಳ ಬಿರುಸು ಕಣ್ಣು ಕದಲಿಸಲು ಬಿಡುವುದಿಲ್ಲ. ಎರಡನೆಯ ಸಲ ನೋಡುವಾಗ ಒಝಾಕಿಯವರನ್ನು ಮಾತ್ರ ಹಿಂಬಾಲಿಸಿ. ನಾಲ್ವರಲ್ಲಿ ಮೈಕಟ್ಟಿನಲ್ಲಿ ಚಿಕ್ಕವರು ಅವರೇ ಆದ್ದರಿಂದ ಎದುರಾಳಿಗಳಿಗೆ ಸಹಜ ಗುರಿಯೂ ಅವರೇ. ಅವರು ಪಿನ್‌ಗೆ ಬಿದ್ದ ಪ್ರತಿ ಸಲವೂ ಕನ್ಸಾಯ್ ಎಲ್ಲಿದ್ದರು, ಅವರನ್ನು ತಡೆದವರು ಯಾರು ಎಂಬುದನ್ನು ಒಂದು ಕಾಗದದಲ್ಲಿ ಗುರುತು ಹಾಕುತ್ತ ಹೋಗಿ. ಮೂರನೆಯ ಸಲಕ್ಕೆ ಅದೇ ಲೆಕ್ಕವನ್ನು ಯಮಾದಾ ಬಿದ್ದಾಗ ಟೊಯೋಟಾ ಎಲ್ಲಿದ್ದರೆಂದು ಹಾಕಿ ಹೋಲಿಸಿ ನೋಡಬಹುದು.